ಫ್ಯೂಯಲ್ ಫ್ಲೋ ಮೀಟರ್ ಲೆಕ್ಕ ತಾಳೆಯಾಗದಿದ್ದರೆ: ಕೆ ಫ್ಯಾಕ್ಟರ್ ಮುಟ್ಟುವ ಮೊದಲು ರಿಟರ್ನ್ ಲೈನ್ ನೋಡಿ

ಪ್ರಶ್ನೆ: ಪೊನ್ನಂಪೇಟೆ ಕಡೆ ನಮ್ಮದೊಂದು ಎರಡು ಸೀಟಿನ ಟ್ರೈಕ್ ಮೈಕ್ರೋಲೈಟ್ (ಮೂರು ಚಕ್ರದ ಹಗುರ ವಿಮಾನ) ಇದೆ. ಎಂಜಿನ್ ರೊಟಾಕ್ಸ್ 912 ಯುಎಲ್, 80 ಎಚ್‌ಪಿ, ಎರಡು ಬಿಂಗ್ ಕಾರ್ಬುರೇಟರ್. ಟ್ಯಾಂಕ್ ಸೀಟಿನ ಕೆಳಗೆ, ಅದರ ಪಕ್ಕ ಒಂದು ಎಲೆಕ್ಟ್ರಿಕ್ ಪಂಪ್. ಕಳೆದ ವರ್ಷ ಟರ್ಬೈನ್ ಮಾದರಿಯ ಫ್ಲೋ ಸೆನ್ಸರ್ ಹಾಕಿಸಿದೆವು, ಫಿಲ್ಟರ್‌ಗೂ ಎಂಜಿನ್ ಪಂಪ್‌ಗೂ ನಡುವೆ ಕೂರಿಸಿದ್ದಾರೆ. ಶುರುವಿನಲ್ಲಿ ಕ್ರೂಸ್‌ನಲ್ಲಿ (ಸಮ ಎತ್ತರದ ಹಾರಾಟದಲ್ಲಿ) ಗಂಟೆಗೆ 16 ಲೀಟರ್ ಚಿಲ್ಲರೆ ತೋರಿಸುತ್ತಿತ್ತು, ಇಳಿದು ಟ್ಯಾಂಕ್ ತುಂಬಿಸಿದರೆ 14ರ ಲೆಕ್ಕ ಬರುತ್ತಿತ್ತು. ಕೆ ಫ್ಯಾಕ್ಟರ್ (ಒಂದು ಲೀಟರಿಗೆ ಸೆನ್ಸರ್ ಎಷ್ಟು ಮಿಡಿತ ಕೊಡುತ್ತದೆ ಎಂದು ಪರದೆಗೆ ಹೇಳುವ ಅಂಕಿ) ಬದಲಿಸಿದ ಮೇಲೆ ಉದ್ದ ಹಾರಾಟದಲ್ಲಿ ಸರಿಹೋಯಿತು. ಆದರೆ ಚಿಕ್ಕ ಹಾರಾಟಗಳಲ್ಲಿ ಈಗಲೂ ಹೆಚ್ಚು ತೋರಿಸುತ್ತದೆ, ಟೇಕಾಫ್‌ನಲ್ಲಿ ಮಾತ್ರ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ. ಬೇಸಿಗೆ ಮಧ್ಯಾಹ್ನ ಅಂಕಿ ಕುಣಿಯುತ್ತದೆ. ಅವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಡ್ರಮ್ ಮುಗಿದಾಗ ಬಂಕ್ ಪೆಟ್ರೋಲ್ ಹಾಕುವುದೂ ಉಂಟು. ಸೆನ್ಸರ್ ಕೆಟ್ಟಿದೆಯೇ, ಬದಲಿಸಬೇಕೇ?

ಉತ್ತರ: ಸೆನ್ಸರ್ ಕೆಟ್ಟಿರುವ ಲಕ್ಷಣ ಇದರಲ್ಲಿ ಕಾಣುತ್ತಿಲ್ಲ. ಅದು ತನ್ನ ಮೂಲಕ ಹೋದ ಪೆಟ್ರೋಲನ್ನು ಸರಿಯಾಗಿಯೇ ಎಣಿಸುತ್ತಿದೆ. ಹಾಗೆ ಹೋದದ್ದೆಲ್ಲ ಎಂಜಿನ್ ಸುಡುತ್ತಿಲ್ಲ, ಅಷ್ಟೆ. ಬದಲಿಸಬೇಕಾದ್ದು ಸೆನ್ಸರನ್ನಲ್ಲ, ಅದು ಕೂತಿರುವ ಜಾಗವನ್ನು.

ರೊಟಾಕ್ಸ್ 912ರ ಇಂಧನ ವ್ಯವಸ್ಥೆಯಲ್ಲಿ ಎಂಜಿನ್ ಪಂಪ್ ದಾಟಿದ ಮೇಲೆ ದಾರಿ ಮೂರಾಗುತ್ತದೆ: ಎರಡು ಕಾರ್ಬುರೇಟರ್‌ಗಳಿಗೆ, ಮೂರನೆಯದು ಟ್ಯಾಂಕಿಗೆ ವಾಪಸ್. ಆ ವಾಪಸ್ ಲೈನಿನಲ್ಲಿ 0.35 ಮಿ.ಮೀ. ತೂತಿನ ಒಂದು ಜೆಟ್ ಇರುತ್ತದೆ. ಬಿಸಿ ಎಂಜಿನ್‌ನ ಪಕ್ಕದ ಪೈಪಿನಲ್ಲಿ ಹುಟ್ಟುವ ಆವಿಯನ್ನು ಟ್ಯಾಂಕಿಗೆ ಕಳಿಸುವುದು ಅದರ ಕೆಲಸ. ಪಂಪ್ ಓಡುತ್ತಿರುವಷ್ಟು ಹೊತ್ತೂ ಒಂದಷ್ಟು ಪೆಟ್ರೋಲ್ ಅಲ್ಲಿಂದ ಸುತ್ತು ಹೊಡೆಯುತ್ತಲೇ ಇರುತ್ತದೆ. ಎಷ್ಟು ಎಂದು ಲೆಕ್ಕ ಹಾಕಬಹುದು. ಪಂಪ್ ಒತ್ತಡ 0.3 ಬಾರ್ ಎಂದಿಟ್ಟುಕೊಂಡರೆ ಆ ತೂತಿನಲ್ಲಿ ಪೆಟ್ರೋಲಿನ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ತೂತಿನ ವಿಸ್ತೀರ್ಣ 0.096 ಚದರ ಮಿ.ಮೀ. ತೂತಿನ ಅಂಚಿನಲ್ಲಾಗುವ ನಷ್ಟ ಕಳೆದು 0.7ರಿಂದ ಗುಣಿಸಿದರೆ ಗಂಟೆಗೆ 2.2 ಲೀಟರ್ ಆಸುಪಾಸು ಬರುತ್ತದೆ. ನೀವು ಹೇಳಿದ 16 ಚಿಲ್ಲರೆಗೂ 14ಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಇಷ್ಟೇ.

ನಿಮ್ಮ ಸೆನ್ಸರ್ ಪಂಪಿಗಿಂತ ಮೊದಲೇ ಇರುವುದರಿಂದ ಈ 2.2 ಲೀಟರೂ ಎಣಿಕೆಗೆ ಸೇರುತ್ತದೆ. ಇದು ಕೂಡಿಕೆಯ ತಪ್ಪು. ಕೆ ಫ್ಯಾಕ್ಟರ್ ಸರಿಪಡಿಸುವುದು ಗುಣಾಕಾರದ ತಪ್ಪನ್ನು. ಬುಟ್ಟಿಯ ತೂಕ ಕಳೆಯದೆ ಒಳ್ಳೆಮೆಣಸು ತೂಗಿ, ಆಮೇಲೆ ತಕ್ಕಡಿಯೇ ನೂರಕ್ಕೆ ಇಷ್ಟು ತಪ್ಪು ಎಂದು ತಿದ್ದಿದ ಹಾಗೆ: ಯಾವ ತೂಕಕ್ಕೆ ತಿದ್ದಿದಿರೋ ಆ ತೂಕಕ್ಕೆ ಮಾತ್ರ ಸರಿ, ಮಿಕ್ಕಿದ್ದೆಲ್ಲ ತಪ್ಪು.

ಅಂಕಿಯಲ್ಲೇ ನೋಡೋಣ. ಕ್ರೂಸ್‌ನಲ್ಲಿ ನಿಜವಾದ ಖರ್ಚು 14, ಸೆನ್ಸರ್ ಕಂಡದ್ದು 16.2. ನೀವು ಕೆ ಫ್ಯಾಕ್ಟರನ್ನು 16.2 ÷ 14, ಅಂದರೆ 1.157 ಪಟ್ಟು ಏರಿಸಿದಿರಿ. ಈಗ ನೆಲದ ಮೇಲೆ ಐಡಲ್‌ನಲ್ಲಿ ಎಂಜಿನ್ 4 ಲೀಟರ್ ಕುಡಿಯುತ್ತಿದ್ದರೆ ಸೆನ್ಸರ್ ಮೂಲಕ ಹೋಗುವುದು 6.2, ಪರದೆ ತೋರಿಸುವುದು 5.4. ಮೂರನೇ ಒಂದು ಭಾಗ ಜಾಸ್ತಿ. 912 ಯುಎಲ್‌ಗೆ ತಯಾರಕರು ಕೊಟ್ಟಿರುವ ಟೇಕಾಫ್ ಖರ್ಚು ಗಂಟೆಗೆ 24 ಲೀಟರ್. ಅಲ್ಲಿ ಸೆನ್ಸರ್ ಮೂಲಕ ಹೋಗುವುದು 26.2, ಪರದೆಯಲ್ಲಿ 22.6. ಕಡಿಮೆ ತೋರಿಸುತ್ತದೆ. ಟ್ಯಾಕ್ಸಿ, ಎಂಜಿನ್ ಬಿಸಿ ಮಾಡುವುದು, ಥ್ರಾಟಲ್ ಎಳೆದು ಇಳಿಯುವುದು ಇವೇ ಹೆಚ್ಚಿರುವ ಚಿಕ್ಕ ಹಾರಾಟದಲ್ಲಿ ಒಟ್ಟು ಲೆಕ್ಕ ಮೇಲಕ್ಕೆ ಹೋಗುತ್ತದೆ. ನೀವು ಬರೆದ ಲಕ್ಷಣಗಳೆಲ್ಲ ಇದಕ್ಕೆ ಹೊಂದುತ್ತವೆ. ಈ ಮೂರರಲ್ಲಿ ಚಿಂತೆ ಮಾಡಬೇಕಾದ್ದು ಟೇಕಾಫ್‌ನದ್ದೇ. ಗುಡ್ಡ ದಾಟಲು ಬಹಳ ಹೊತ್ತು ಪೂರ್ತಿ ಶಕ್ತಿಯಲ್ಲಿ ಏರುವ ದಿನ ಟೋಟಲೈಸರ್ (ಖರ್ಚಾದದ್ದನ್ನು ಕೂಡಿಸಿ ಉಳಿದದ್ದನ್ನು ಹೇಳುವ ಲೆಕ್ಕ) ಇಲ್ಲದ ಪೆಟ್ರೋಲನ್ನು ಇದೆ ಎನ್ನುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಐದು ನಿಮಿಷ ಸಾಕು. ಟ್ರೈಕನ್ನು ಬಯಲಿಗೆ ತಂದು ಚಕ್ರಕ್ಕೆ ಅಡ್ಡಗಟ್ಟೆ ಕೊಡಿ, ಎರಡೂ ಇಗ್ನಿಷನ್ ಆಫ್ ಇರಲಿ. ಮಾಸ್ಟರ್ ಸ್ವಿಚ್ ಮಾತ್ರ ಆನ್ ಮಾಡಿದಾಗ ಪರದೆ ಸೊನ್ನೆ ತೋರಿಸಬೇಕು. ಈಗ ಎಲೆಕ್ಟ್ರಿಕ್ ಪಂಪ್ ಆನ್ ಮಾಡಿ. ಕಾರ್ಬುರೇಟರಿನ ಫ್ಲೋಟ್ ಬಟ್ಟಲು ತುಂಬುವವರೆಗೆ ಅಂಕಿ ಏರಿ, ಸ್ವಲ್ಪ ಹೊತ್ತಿಗೆ ಇಳಿದು ನಿಲ್ಲುತ್ತದೆ. ಸೊನ್ನೆಗೆ ಬಂದು ನಿಂತರೆ ರಿಟರ್ನ್ ಸೆನ್ಸರ್ ಮೂಲಕ ಹೋಗುತ್ತಿಲ್ಲ. ಎರಡರ ಸುತ್ತ ನಿಂತರೆ ಎಂಜಿನ್ ನಿಂತಿದ್ದರೂ ಅಷ್ಟು ಪೆಟ್ರೋಲ್ ಓಡುತ್ತಿದೆ ಎಂದರ್ಥ. ಆಗ ಒಮ್ಮೆ ಕಾರ್ಬುರೇಟರ್ ಕೆಳಗಿನ ಡ್ರಿಪ್ ಟ್ರೇ ಮುಟ್ಟಿ ನೋಡಿ. ಫ್ಲೋಟ್ ಸೂಜಿ ಸರಿಯಾಗಿ ಕೂರದೆ ಬಟ್ಟಲು ಉಕ್ಕಿ ಹರಿಯುತ್ತಿದ್ದರೂ ಇದೇ ಅಂಕಿ ಬರುತ್ತದೆ. ಟ್ರೇ ಒಣಗಿದ್ದರೆ ಹೋಗುತ್ತಿರುವುದು ರಿಟರ್ನ್‌ಗೇ.

ಎಷ್ಟು ಎಂದು ನಿಖರವಾಗಿ ಬೇಕಿದ್ದರೆ ರಿಟರ್ನ್ ಪೈಪನ್ನು ಟ್ಯಾಂಕ್ ತುದಿಯಲ್ಲಿ ಬಿಚ್ಚಿ, ಅದೇ ಎತ್ತರದಲ್ಲಿ ಹಿಡಿದು ಲೋಹದ ಪಾತ್ರೆಗೆ ಬಿಡಿ. ಪಾತ್ರೆಗೂ ಟ್ರೈಕಿನ ಚೌಕಟ್ಟಿಗೂ ಒಂದು ತಂತಿ ಕ್ಲಿಪ್ ಹಾಕಿ ಜೋಡಿಸಿ. ಒಣಹವೆಯ ದಿನ ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು ಅನಾಹುತಕ್ಕೆ, ಹಾಗಾಗಿ ಪ್ಲಾಸ್ಟಿಕ್ ಕ್ಯಾನ್, ಪ್ಲಾಸ್ಟಿಕ್ ಆಲಿಕೆ ಎರಡೂ ಬೇಡ. ಹತ್ತು ನಿಮಿಷ ಪಂಪ್ ಓಡಿಸಿ, ಬಂದದ್ದನ್ನು ಅಳತೆ ಜಾಡಿಗೆ ಸುರಿಯಿರಿ. 365 ಮಿ.ಲೀ. ಬಂದರೆ ಗಂಟೆಗೆ 2.19 ಲೀಟರ್. ಎಂಜಿನ್ ಪಂಪ್ ಓಡುವಾಗ ಒತ್ತಡ ಬೇರೆ ಇರುವುದರಿಂದ ಹಾರಾಟದಲ್ಲಿ ಇದು ಸ್ವಲ್ಪ ಆಚೀಚೆ ಆಗುತ್ತದೆ: ಅದೇ ಸೂತ್ರದಲ್ಲಿ 0.2 ಬಾರ್‌ಗೆ 1.8, 0.4ಕ್ಕೆ 2.5. ರಿಟರ್ನ್ ಒಂದೇ ಸಮ ಇರುವುದಿಲ್ಲ ಎನ್ನುವುದನ್ನು ಗಮನಿಸಿ, ಮುಂದೆ ಬೇಕಾಗುತ್ತದೆ.

ಪರಿಹಾರಕ್ಕೆ ದಾರಿ ಮೂರು. ತಲೆಯಲ್ಲೇ ಗಂಟೆಗೆ 2.2 ಕಳೆಯುವುದು ಮೊದಲನೆಯದು. ಕೆ ಫ್ಯಾಕ್ಟರನ್ನು ಹಳೆಯದಕ್ಕೇ ತಂದು, ಎಂಜಿನ್ ಓಡಿದ ಪ್ರತಿ ಗಂಟೆಗೆ ಟೋಟಲೈಸರ್‌ನಿಂದ 2.2 ಲೀಟರ್ ಕಳೆದು ಬರೆದುಕೊಳ್ಳಿ. ಪುಕ್ಕಟೆ ಕೆಲಸ, ಈಗ ನೀವು ಮಾಡಿರುವುದಕ್ಕಿಂತ ಖಂಡಿತ ಉತ್ತಮ, ಆದರೆ ಮೇಲೆ ಹೇಳಿದಂತೆ ರಿಟರ್ನ್ ಒತ್ತಡದ ಜತೆ ಏರಿಳಿಯುತ್ತದೆ. ಎರಡನೆಯದು ರಿಟರ್ನ್ ಲೈನಿಗೂ ಒಂದು ಸೆನ್ಸರ್ ಹಾಕಿ ಒಂದರಿಂದ ಇನ್ನೊಂದನ್ನು ಕಳೆಯುವುದು. ಇಂಜೆಕ್ಷನ್ ಎಂಜಿನ್‌ಗಳಲ್ಲಿ, ವಾಪಸ್ ಹೋಗುವುದೇ ಹತ್ತಾರು ಲೀಟರ್ ಇದ್ದಲ್ಲಿ, ಇದು ಸರಿ. ನಿಮ್ಮಲ್ಲಿ ಬೇಡ. ಈ ಟರ್ಬೈನ್ ಸೆನ್ಸರ್‌ಗಳು ನೇರ ಗೆರೆಯಲ್ಲಿ ಅಳೆಯಲು ಶುರುಮಾಡುವುದೇ ಗಂಟೆಗೆ ಸುಮಾರು 2 ಲೀಟರ್ ಮೇಲೆ. ಅದರ ಕೆಳಗೆ ಬೇರಿಂಗ್‌ನ ತಿಕ್ಕಾಟಕ್ಕೆ ಚಕ್ರ ತಡವರಿಸುತ್ತದೆ. ನಿಮ್ಮ ರಿಟರ್ನ್ ಸರಿಯಾಗಿ ಆ ಗಡಿಯಲ್ಲೇ ನಿಂತಿದೆ.

ಮೂರನೆಯದು ಸರಿಯಾದ ದಾರಿ: ಸೆನ್ಸರನ್ನು ಪಂಪಿನ ಮುಂದಕ್ಕೆ, ರಿಟರ್ನ್ ಕವಲಿನ ಆಚೆಗೆ ಒಯ್ಯುವುದು. ಅಂದರೆ ಎಂಜಿನ್ ಪಂಪ್, ನಂತರ ಟಿ, ಆ ಟಿಯಿಂದ ಜೆಟ್ ಸಮೇತ ರಿಟರ್ನ್, ನೇರ ಕವಲಿನಲ್ಲಿ ಸೆನ್ಸರ್, ಸೆನ್ಸರ್ ದಾಟಿದ ಮೇಲೆ ಎರಡು ಕಾರ್ಬುರೇಟರ್‌ಗೆ ಒಡೆಯುವ ವೈ. ಕಂಪನಿಯ ಜೋಡಣೆಯಲ್ಲಿ ಮೂರು ಕವಲೂ ಒಂದೇ ಕಡೆ ಒಡೆಯುವುದರಿಂದ ಇಲ್ಲಿ ಸ್ವಲ್ಪ ಪೈಪು ಬದಲಾವಣೆ ಬೇಕು. ಎರಡು ಎಚ್ಚರ. ರಿಟರ್ನ್ ಟಿ ಆ ಭಾಗದಲ್ಲಿ ಎತ್ತರದ ಜಾಗದಲ್ಲಿರಲಿ, ಆವಿ ಮೇಲಕ್ಕೇ ಹೋಗುವುದು. ಜೆಟ್ ಹಾಕಲು ಮರೆಯಬೇಡಿ. ಜೆಟ್ ಇಲ್ಲದಿದ್ದರೆ ಪೆಟ್ರೋಲೆಲ್ಲ ಸುಲಭದ ದಾರಿ ಹಿಡಿದು ಟ್ಯಾಂಕಿಗೆ ಹೋಗುತ್ತದೆ, ಕಾರ್ಬುರೇಟರ್ ಬರಿದಾಗುತ್ತದೆ.

ಸೆನ್ಸರ್ ಸ್ಥಳಾಂತರಿಸಿದರೆ ಬೇಸಿಗೆ ಮಧ್ಯಾಹ್ನದ ಕುಣಿತವೂ ಬಹುಪಾಲು ನಿಲ್ಲುತ್ತದೆ. ಅದರ ಕಾರಣ ಬೇರೆ. ಟ್ಯಾಂಕ್ ಕೆಳಗೆ, ಎಂಜಿನ್ ಮೇಲೆ, ಹೀಗಾಗಿ ಪಂಪಿನ ಹಿಂದಿನ ಪೈಪು ಪೂರ್ತಿ ಎಳೆತದಲ್ಲಿರುತ್ತದೆ. ಪೊನ್ನಂಪೇಟೆ ಇರುವುದೇ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿ. ಇನ್ನೊಂದು ಸಾವಿರ ಮೀಟರ್ ಏರಿದರೆ ಹೊರಗಿನ ಒತ್ತಡ 815 ಹೆಕ್ಟೊಪಾಸ್ಕಲ್ ಆಸುಪಾಸು. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಂತ ಟ್ಯಾಂಕಿನ ಬೆಚ್ಚಗಿನ ಪೆಟ್ರೋಲು, ಮೇಲಿಂದ ಪಂಪಿನ ಎಳೆತ, ಇಷ್ಟು ಸೇರಿದರೆ ಪೈಪಿನಲ್ಲೇ ಗುಳ್ಳೆ ಏಳುತ್ತದೆ. ಸೆನ್ಸರ್ ಎಣಿಸುವುದು ತೂಕವನ್ನಲ್ಲ, ತನ್ನನ್ನು ದಾಟಿದ ಪರಿಮಾಣವನ್ನು. ಗುಳ್ಳೆ ಬಂದಾಗ ಚಕ್ರ ರಪ್ಪನೆ ತಿರುಗಿ 14 ಇದ್ದದ್ದು 20, 25 ಎಂದು ಹಾರುತ್ತದೆ. ಎಲೆಕ್ಟ್ರಿಕ್ ಪಂಪ್ ಆನ್ ಮಾಡಿದ ಕೂಡಲೇ ಕುಣಿತ ತಗ್ಗಿದರೆ ಆವಿಯೇ ಕಾರಣ ಎಂದು ತಿಳಿಯಿರಿ. ಆ ಕುಣಿತವನ್ನು ಬರೀ ಮೀಟರಿನ ದೋಷ ಎಂದು ಬಿಟ್ಟುಬಿಡುವುದು ತಪ್ಪು. ಎಂಜಿನ್ ಆವಿಯ ಸಮಸ್ಯೆಗೆ ಹತ್ತಿರ ಬಂದಿದೆ ಎನ್ನುವ ಸುಳಿವು ಅದು.

ಪಂಪಿನ ಮುಂದೆ ಕೂರಿಸಿದಾಗ ಹೊಸ ತಾಪತ್ರಯ ಒಂದಿದೆ: ಪಂಪಿನ ಮಿಡಿತ. ಡಯಾಫ್ರಾಮ್ ಪಂಪ್ ಪೆಟ್ರೋಲನ್ನು ಒಂದೇ ಧಾರೆಯಾಗಿ ತಳ್ಳುವುದಿಲ್ಲ, ಹೊಡೆದು ಹೊಡೆದು ತಳ್ಳುತ್ತದೆ. ಸೆನ್ಸರ್ ಚಕ್ರ ಹೊಡೆತಕ್ಕೆ ಬೇಗ ವೇಗ ಪಡೆಯುತ್ತದೆ, ನಿಧಾನವಾಗಿ ಕಳೆದುಕೊಳ್ಳುತ್ತದೆ. ಎರಡು ಹೊಡೆತದ ನಡುವೆ ಧಾರೆ ಸ್ವಲ್ಪ ಹಿಂದಕ್ಕೆ ಸರಿದರೆ ಅದನ್ನೂ ಮುಂದಕ್ಕೆ ಹೋದದ್ದೆಂದೇ ಎಣಿಸುತ್ತದೆ. ಒಳಗಿರುವ ಬೆಳಕಿನ ಕಣ್ಣಿಗೆ ದಿಕ್ಕು ತಿಳಿಯುವುದಿಲ್ಲ. ಪಂಪಿಗೂ ಸೆನ್ಸರ್‌ಗೂ ನಡುವೆ ಒಂದಡಿಯಷ್ಟು ರಬ್ಬರ್ ಹೋಸ್ ಬಿಟ್ಟರೆ ಅದರ ಹಿಗ್ಗುವಿಕೆಯೇ ಮಿಡಿತವನ್ನು ನುಂಗುತ್ತದೆ. ಇನ್ನೂ ಉಳಿದರೆ ಪರದೆಯ ಸೆಟ್ಟಿಂಗ್‌ನಲ್ಲಿ ಸರಾಸರಿ ತೆಗೆಯುವ ಅವಧಿಯನ್ನು 5ರಿಂದ 10 ಸೆಕೆಂಡ್ ಮಾಡಿ. ಇದರಿಂದ ಅಂಕಿ ನಿಲ್ಲುತ್ತದೆಯೇ ಹೊರತು ಎಣಿಕೆಯ ತಪ್ಪು ಹೋಗುವುದಿಲ್ಲ, ಅದನ್ನು ಹೋಸೇ ನೋಡಿಕೊಳ್ಳಬೇಕು.

ಕೂರಿಸುವ ಕೆಲಸದ ಬಗ್ಗೆ ಕೆಲವು ಮಾತು, ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ಸೆನ್ಸರ್ ಮಟ್ಟಸವಾಗಿ, ಮೂರು ತಂತಿ ಮೇಲ್ಮುಖವಾಗಿ ಇರಬೇಕು. ಒಳಬರುವ, ಹೊರಹೋಗುವ ಎರಡೂ ಬಾಯಿಗೆ ಎಲ್ಬೋ ನೇರ ಹಾಕಬಾರದು. ತಿರುವಿನಲ್ಲಿ ಸುಳಿ ಎದ್ದ ಧಾರೆ ಚಕ್ರವನ್ನು ತಪ್ಪು ವೇಗದಲ್ಲಿ ತಿರುಗಿಸುತ್ತದೆ. ಎರಡು ಕಡೆಯೂ ಒಂದು ಗೇಣು ಪೈಪು ನೇರವಿರಲಿ. ಸೆನ್ಸರ್‌ನ ಹೊರಬಾಯಿ ಕಾರ್ಬುರೇಟರ್ ಬಾಯಿಗಿಂತ ಕೆಳಗೆ, ಹೆಚ್ಚೆಂದರೆ ಸಮಕ್ಕೆ ಇರಬೇಕು, ಆಗ ಗುಳ್ಳೆ ಒಳಗೆ ಸಿಕ್ಕಿ ನಿಲ್ಲುವುದಿಲ್ಲ. ಎಂಜಿನ್ ಮೈಗೆ ಬೋಲ್ಟ್ ಹಾಕಿ ಬಿಗಿಯಬೇಡಿ. ಅದರ ನಡುಕಕ್ಕೆ ಚಕ್ರದ ಹರಳು ಬೇರಿಂಗ್ ಬಾಳುವುದಿಲ್ಲ. ಹೋಸಿನಲ್ಲಿ ತೂಗಾಡಲೂ ಬಿಡದೆ ಚೌಕಟ್ಟಿಗೆ ಆಧಾರ ಕೊಟ್ಟು ಕಟ್ಟಿ. ಎಂಜಿನ್ ಸುತ್ತಲಿನ ಹೋಸಿಗೂ ಸೆನ್ಸರ್‌ಗೂ ಬೆಂಕಿ ತಡೆಯುವ ಫೈರ್‌ಸ್ಲೀವ್ ಹೊದಿಸಬೇಕು. ರಬ್ಬರ್ ಹೋಸ್‌ಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ರೊಟಾಕ್ಸ್‌ನದೇ ನಿಯಮ. ಅದು ಹತ್ತಿರ ಬಂದಿದ್ದರೆ ಎರಡೂ ಕೆಲಸ ಒಟ್ಟಿಗೆ ಮುಗಿಸಿ.

ಫಿಟ್ಟಿಂಗಿನ ಸ್ಕ್ರೂ ಎಳೆಗಳ ವಿಷಯದಲ್ಲಿ ಹುಷಾರು. ಈ ಸೆನ್ಸರ್‌ಗಳ ಬಾಯಿ ಸಾಮಾನ್ಯವಾಗಿ ಕಾಲು ಇಂಚಿನ ಎನ್‌ಪಿಟಿ (ಅಮೆರಿಕದ ಪೈಪು ಅಳತೆ) ಎಳೆ, ಇಂಚಿಗೆ 18. ಗೋಣಿಕೊಪ್ಪವೋ ಮೈಸೂರೋ, ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚು ನಿಪ್ಪಲ್ ಕೇಳಿದರೆ ಕೈಗೆ ಬರುವುದು ಬಿಎಸ್‌ಪಿ (ಬ್ರಿಟಿಷ್ ಅಳತೆ), ಇಂಚಿಗೆ 19 ಎಳೆ, ಕೋನವೂ ಬೇರೆ. ಮೊದಲ ಎರಡು ಸುತ್ತು ನಯವಾಗಿ ಹೋಗುತ್ತದೆ, ಆಮೇಲೆ ಕಚ್ಚುತ್ತದೆ. ಬಲ ಹಾಕಿದರೆ ಅಲ್ಯೂಮಿನಿಯಂ ಮೈ ಸೀಳುತ್ತದೆ, ಹಾಕದಿದ್ದರೆ ಸೋರುತ್ತದೆ. ಸರಿಯಾದ ಎನ್‌ಪಿಟಿ ಫಿಟ್ಟಿಂಗನ್ನೂ ಕೈಯಲ್ಲಿ ಬಿಗಿದ ಮೇಲೆ ಎರಡು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಬಿಳಿ ಟೆಫ್ಲಾನ್ ಟೇಪ್ ಸುತ್ತಲೇಬಾರದು. ಅದರ ಒಂದು ನೂಲು ಕಿತ್ತು ಬಂದರೆ ನೇರ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಪೆಟ್ರೋಲಿಗೆ ಕರಗದ ಪೇಸ್ಟನ್ನು ಮೊದಲ ಎರಡು ಎಳೆ ಬಿಟ್ಟು ತೆಳುವಾಗಿ ಹಚ್ಚಿ. ತಂತಿಯನ್ನು ಇಗ್ನಿಷನ್ ಬಾಕ್ಸ್, ಸ್ಟ್ರೋಬ್ ಲೈಟಿನ ತಂತಿಗಳಿಂದ ದೂರ ಒಯ್ದು ಶೀಲ್ಡ್ ಕೇಬಲ್ ಬಳಸಿ. ರೇಡಿಯೊ ಒತ್ತಿ ಮಾತಾಡಿದಾಗ ಫ್ಲೋ ಅಂಕಿ ಜಿಗಿದರೆ ದೋಷ ತಂತಿಯಲ್ಲಿದೆ, ಪೈಪು ಬಿಚ್ಚಬೇಡಿ.

ಕೆಲಸ ಮುಗಿದ ಮೇಲೆ ಎರಡು ಪರೀಕ್ಷೆ ತಪ್ಪಿಸುವಂತಿಲ್ಲ. ಸೆನ್ಸರ್ ದಾಟಿದ ಮೇಲಿನ ಇಂಧನ ಒತ್ತಡ ಎಂಜಿನ್ ಕೈಪಿಡಿಯ ಮಿತಿಯೊಳಗಿರಬೇಕು. ನಿಮ್ಮ ಎಂಜಿನ್‌ಗೆ ಅದು 0.15ರಿಂದ 0.4 ಬಾರ್, ಹೊಸ ಮಾದರಿ ಪಂಪಿದ್ದರೆ 0.5ರವರೆಗೆ. ಇನ್ನೊಂದು ಹರಿವಿನ ಪರೀಕ್ಷೆ. ಪಂಪ್ ಇರುವ ವ್ಯವಸ್ಥೆ ಟೇಕಾಫ್ ಖರ್ಚಿನ ಶೇ 125ರಷ್ಟನ್ನು, ಗುರುತ್ವದಿಂದ ಇಳಿಯುವ ವ್ಯವಸ್ಥೆ ಶೇ 150ರಷ್ಟನ್ನು ಕೊಡಬೇಕು ಎಂಬುದು ಸಣ್ಣ ವಿಮಾನಗಳಿಗೆ ಬಹುಕಾಲದಿಂದ ಇರುವ ಅಮೆರಿಕದ ಅಳತೆ. ಮೈಕ್ರೋಲೈಟಿಗೂ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ನಿಮಗೆ 24ರ ಒಂದೂಕಾಲು ಪಟ್ಟು 30 ಲೀಟರ್, ಅಂದರೆ ನಿಮಿಷಕ್ಕೆ ಅರ್ಧ ಲೀಟರ್. ಕಾರ್ಬುರೇಟರ್ ತುದಿಯ ಎರಡೂ ಹೋಸ್ ಬಿಚ್ಚಿ ಪಾತ್ರೆಗೆ ಬಿಟ್ಟು, ಮೂಗು ಎತ್ತರಿಸಿ, ಟ್ಯಾಂಕಿನಲ್ಲಿ ಕಡಿಮೆ ಪೆಟ್ರೋಲ್ ಇಟ್ಟು ಪಂಪ್ ಓಡಿಸಿ. ಎರಡು ನಿಮಿಷಕ್ಕೆ ಒಂದು ಲೀಟರ್ ಬರದಿದ್ದರೆ ಹಾರಬೇಡಿ. ಆಮೇಲೆ ಸೊನ್ನೆ ಪರೀಕ್ಷೆ ಮತ್ತೊಮ್ಮೆ: ಎಲೆಕ್ಟ್ರಿಕ್ ಪಂಪ್ ಆನ್ ಇದ್ದರೂ ಪರದೆ ಸೊನ್ನೆಗೆ ಇಳಿಯಬೇಕು.

ಈ ಬದಲಾವಣೆಯನ್ನು ನೀವೇ ಸ್ಪ್ಯಾನರ್ ಹಿಡಿದು ಮಾಡಿ ಸುಮ್ಮನಿರುವಂತಿಲ್ಲ. ಇಂಧನ ಲೈನಿಗೆ ಕೈ ಹಾಕುವುದು ವಿಮಾನದ ಮಾರ್ಪಾಟು. ತಯಾರಕರ ಒಪ್ಪಿಗೆ, ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮದಂತೆ ಅಧಿಕಾರ ಇರುವವರ ಸಹಿ, ಲಾಗ್‌ಬುಕ್‌ನಲ್ಲಿ ದಾಖಲೆ ಬೇಕು.

ಇಷ್ಟಾದ ಮೇಲೆ ಕೆ ಫ್ಯಾಕ್ಟರ್. ಇದು ಒಂದು ಲೀಟರ್, ಇಲ್ಲವೇ ಒಂದು ಗ್ಯಾಲನ್ ಹೋದಾಗ ಸೆನ್ಸರ್ ಕೊಡುವ ಮಿಡಿತಗಳ ಸಂಖ್ಯೆ. ಹೆಚ್ಚು ಬಳಕೆಯಲ್ಲಿರುವ ಕೆಂಪು ಪೆಟ್ಟಿಗೆಯ ಎಫ್‌ಟಿ-60 ಸೆನ್ಸರ್‌ಗೆ ಅದು ಅಮೆರಿಕನ್ ಗ್ಯಾಲನ್‌ಗೆ ಸುಮಾರು 68,000, ಲೀಟರಿಗೆ ಬದಲಿಸಿದರೆ 17,965. ಪರದೆ ಯಾವ ಗ್ಯಾಲನ್ ಕೇಳುತ್ತಿದೆ ಎಂದು ನೋಡಿಕೊಳ್ಳಿ: ಅಮೆರಿಕನ್ 3.785 ಲೀಟರ್, ಬ್ರಿಟಿಷ್ 4.546. ಅದಲುಬದಲಾದರೆ ಶೇ 20ರಷ್ಟು ತಪ್ಪು ಕೂತಲ್ಲೇ ಬರುತ್ತದೆ. ಮೊದಲು ಸೆನ್ಸರ್ ಜತೆ ಬಂದ ಚೀಟಿಯ ಅಂಕಿಗೆ ವಾಪಸ್ ಹೋಗಿ, ನಿಮ್ಮ 1.157ರ ತಿದ್ದುಪಡಿ ತೆಗೆದುಹಾಕಿ.

ನಿಜವಾದ ಖರ್ಚನ್ನು ಲೀಟರಿನಲ್ಲಿ ಅಳೆಯುವುದಕ್ಕಿಂತ ತೂಗುವುದು ಲೇಸು. ಕಾಫಿ ಗೋದಾಮಿನಲ್ಲಿರುವ 50 ಕೆ.ಜಿ.ಯ ಎಲೆಕ್ಟ್ರಾನಿಕ್ ತಕ್ಕಡಿ, ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಹಾಕಿದ್ದು, ಇದಕ್ಕೆ ಧಾರಾಳವಾಗಿ ಸಾಕು. ಗೋದಾಮಿನೊಳಗೆ ಬೇಡ, ಪೆಟ್ರೋಲ್ ಜತೆ ತಕ್ಕಡಿಯನ್ನು ಬಯಲಿಗೆ ತನ್ನಿ. ಟ್ರೈಕನ್ನು ಪ್ರತಿ ಸಲವೂ ಅದೇ ಸಿಮೆಂಟ್ ನೆಲದ ಮೇಲೆ, ಮೂರು ಚಕ್ರಕ್ಕೂ ಗುರುತು ಹಾಕಿದ ಜಾಗದಲ್ಲಿ ನಿಲ್ಲಿಸಿ. ಟ್ಯಾಂಕಿನ ಕತ್ತಿನೊಳಗೆ ಕಾಣುವಂಥ ಒಂದು ಗುರುತಿಗೆ ಪೆಟ್ರೋಲ್ ತುಂಬಿಸಿ, ಟೋಟಲೈಸರ್ ಸೊನ್ನೆ ಮಾಡಿ. ಹಾರಿ ಬಂದ ಮೇಲೆ ತುಂಬಿದ ಕ್ಯಾನ್ ತೂಗಿ, ಅದೇ ಗುರುತಿಗೆ ಸುರಿದು, ಉಳಿದದ್ದನ್ನು ತೂಗಿ. ವ್ಯತ್ಯಾಸ ಬರೆದುಕೊಳ್ಳಿ. ಒಂದೇ ಹಾರಾಟಕ್ಕೆ ತಿದ್ದಬೇಡಿ: ಕತ್ತಿನ ಗುರುತಿನಲ್ಲಿ ಕಾಲು ಲೀಟರ್ ಆಚೀಚೆ ಆಗುವುದು ಸಹಜ, 8 ಲೀಟರಿಗೆ ಅದು ಶೇ 3, ನೂರು ಲೀಟರ್ ದಾಟಿದ ಮೇಲೆ ಶೇ 0.25. ನೂರು ದಾಟುವವರೆಗೆ ಕೂಡಿಸುತ್ತಾ ಹೋಗಿ.

ತೂಕವನ್ನು ಲೀಟರಿಗೆ ಬದಲಿಸಲು ಸಾಂದ್ರತೆ ಬೇಕು. ಅವ್‌ಗ್ಯಾಸ್ ಡ್ರಮ್ಮಿನ ಗುಣಮಟ್ಟದ ಪತ್ರದಲ್ಲಿ 15 ಡಿಗ್ರಿಯ ಅಂಕಿ ಇರುತ್ತದೆ, ಬಂಕಿನಲ್ಲಾದರೆ ಫಲಕದ ಮೇಲೆ ಬರೆದಿರುತ್ತಾರೆ, ಅದೂ 15 ಡಿಗ್ರಿಯದೇ. ಬಂಕಿನಲ್ಲಿ ಜಾಡಿ, ಹೈಡ್ರೋಮೀಟರ್, ಥರ್ಮಾಮೀಟರ್ ಇಟ್ಟಿರಲೇಬೇಕು, ಕೇಳಿದರೆ ಅಳೆದು ತೋರಿಸಬೇಕು. ಪೆಟ್ರೋಲ್ ಒಂದು ಡಿಗ್ರಿ ಬಿಸಿಯಾದರೆ ಘನಮೀಟರಿಗೆ ಸುಮಾರು 0.85 ಕೆ.ಜಿ. ಹಗುರಾಗುತ್ತದೆ. ಉದಾಹರಣೆಗೆ ಪತ್ರದಲ್ಲಿ 718 ಇದ್ದು ಪೆಟ್ರೋಲ್ 25 ಡಿಗ್ರಿ ಇದ್ದರೆ 710 ಎಂದು ಹಿಡಿಯಿರಿ. ಒಟ್ಟು 84.2 ಕೆ.ಜಿ. ಸುರಿದಿದ್ದರೆ ಅದು 118.6 ಲೀಟರ್. ಟೋಟಲೈಸರ್ 121.4 ಎಂದಿದ್ದರೆ ಹೊಸ ಕೆ ಫ್ಯಾಕ್ಟರ್ = ಹಳೆಯದು × 121.4 ÷ 118.6. ಹಳೆಯದು 18,000 ಇದ್ದರೆ ಹೊಸದು 18,425. ಪರದೆ ಹೆಚ್ಚು ತೋರಿಸಿದರೆ ಕೆ ಏರಬೇಕು, ಕಡಿಮೆ ತೋರಿಸಿದರೆ ಇಳಿಯಬೇಕು. ಕೆಲವು ಹಳೆಯ ಪರದೆಗಳಲ್ಲಿ ಕೆ ಬದಲು ಶೇಕಡಾ ತಿದ್ದುಪಡಿ ಇರುತ್ತದೆ, ಅಲ್ಲಿ ಇದು ಉಲ್ಟಾ.

ತೂಕ ಏಕೆ ಎಂದರೆ, ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿಯಲ್ಲಿ ತುಂಬಿ ಮಧ್ಯಾಹ್ನ 30ರಲ್ಲಿ ಮರುತುಂಬಿದರೆ ಪೆಟ್ರೋಲಿನ ಹಿಗ್ಗುವಿಕೆಯೇ ಶೇ 1.8ರಷ್ಟಾಗುತ್ತದೆ. ಬಂಕಿನ ಮೀಟರಿಗೂ 5 ಲೀಟರಿಗೆ 25 ಮಿ.ಲೀ. ಆಚೀಚೆ ಇರಲು ಅವಕಾಶವುಂಟು. ಇವೆಲ್ಲ ಸೇರಿ, ಕೊನೆಗೆ ಶೇ 1ರಿಂದ 2ರೊಳಗೆ ತಾಳೆಯಾದರೆ ಅಲ್ಲಿಗೆ ಬಿಡಿ. ಅದಕ್ಕಿಂತ ಕೆಳಗೆ ಬೆನ್ನಟ್ಟುವುದು ವ್ಯರ್ಥ.

ಈಗ ಬಂಕ್ ಪೆಟ್ರೋಲ್. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಇ20, ನೂರಕ್ಕೆ ಇಪ್ಪತ್ತು ಎಥನಾಲ್. 912 ಎಂಜಿನ್‌ಗಳಿಗೆ ರೊಟಾಕ್ಸ್ ಒಪ್ಪಿರುವುದು ಇ10ರವರೆಗೆ ಮಾತ್ರ. ಮೀಟರಿನ ಲೆಕ್ಕಕ್ಕೂ ಇದು ಅಡ್ಡ ಬರುತ್ತದೆ. ಎಥನಾಲಿನಲ್ಲಿ ಶಕ್ತಿ ಕಡಿಮೆ, ಇ20ಯ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ 7 ಕಡಿಮೆ. ಅದೇ ಶಕ್ತಿಗೆ ಹೆಚ್ಚು ಲೀಟರ್ ಬೇಕು. ಒಂದು ವಾರ ಅವ್‌ಗ್ಯಾಸ್, ಇನ್ನೊಂದು ವಾರ ಬಂಕಿನದ್ದು ಹಾಕಿದರೆ ಖರ್ಚು ನಿಜವಾಗಿಯೇ ಬದಲಾಗುತ್ತದೆ, ಮೀಟರ್ ಕೆಟ್ಟಿತೆಂದು ನೀವು ಕೆ ಫ್ಯಾಕ್ಟರ್ ತಿರುಗಿಸುತ್ತೀರಿ. ಎಥನಾಲ್ ಬೆರೆತ ಪೆಟ್ರೋಲಿಗೆ ಆವಿಯಾಗುವ ಚಾಳಿಯೂ ಹೆಚ್ಚು, ಮಳೆಗಾಲದ ಹವೆಯಲ್ಲಿ ನೀರೆಳೆದುಕೊಳ್ಳುತ್ತದೆ. ಕ್ಯಾಲಿಬ್ರೇಷನ್ ಪೂರ್ತಿ ಒಂದೇ ಇಂಧನದಲ್ಲಿ ಮಾಡಿ, ಆಮೇಲೂ ಇ20 ಬೇಡ.

ಕ್ಯಾನಿನಲ್ಲಿರುವುದು ಏನು ಎಂದು ಸಂಶಯವಿದ್ದರೆ 100 ಮಿ.ಲೀ. ಗಾಜಿನ ಅಳತೆ ಜಾಡಿಯಲ್ಲಿ 10 ಮಿ.ಲೀ. ನೀರು ಹಾಕಿ, ಮೇಲಿಂದ 100ರ ಗೆರೆಯವರೆಗೆ ಪೆಟ್ರೋಲ್ ಸುರಿದು ಮುಚ್ಚಿ ಅಲುಗಿಸಿ ಇಡಿ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಕಡೆ ಹೋಗುತ್ತದೆ. ತಿಳಿಯಾದ ಮೇಲೆ ಕೆಳಗಿನ ಪದರದ ಗೆರೆ 10ರಲ್ಲೇ ಇದ್ದರೆ ಎಥನಾಲ್ ಇಲ್ಲ, 19ರ ಹತ್ತಿರ ಬಂದರೆ ಇ10, 25 ದಾಟಿದರೆ ಇ20.

ಬೇರೆ ವಿಮಾನದವರಿಗೂ ಎರಡು ಸಾಲು. ಸೆಸ್ನಾ 172ರಂಥ ಕಾರ್ಬುರೇಟರ್ ಲೈಕಮಿಂಗ್‌ಗಳಲ್ಲಿ ರಿಟರ್ನ್ ಇಲ್ಲ, ನೀರು, ಕಸ ಹಿಡಿಯುವ ಗ್ಯಾಸ್ಕೊಲೇಟರ್‌ಗೂ ಕಾರ್ಬುರೇಟರ್‌ಗೂ ನಡುವೆ ಒಂದು ಸೆನ್ಸರ್ ಸಾಕು, ಅಲ್ಲಿ ನೋಡಬೇಕಾದ್ದು ಶೇ 150ರ ಹರಿವು. ಕಾಂಟಿನೆಂಟಲ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪಂಪ್ ಆವಿ ಸಮೇತ ಪೆಟ್ರೋಲನ್ನು ಟ್ಯಾಂಕಿಗೆ ಹಿಂದಿರುಗಿಸುವುದರಿಂದ ಸೆನ್ಸರ್ ಜಾಗ ಕಂಟ್ರೋಲ್ ಯುನಿಟ್‌ಗೂ ಸಿಲಿಂಡರ್‌ಗಳಿಗೆ ಹಂಚುವ ವಾಲ್ವ್‌ಗೂ ನಡುವೆ. ಇಂಥ ಹಳೆಯ ವಿಮಾನಗಳ ಡಯಲ್‌ನಲ್ಲಿ ಗ್ಯಾಲನ್ ಎಂದು ಬರೆದಿದ್ದರೂ ಒಳಗಿರುವುದು ಒತ್ತಡದ ಮಾಪಕ. ಒಂದು ಇಂಜೆಕ್ಟರ್ ಕಟ್ಟಿಕೊಂಡರೆ ಒತ್ತಡ ಏರಿ, ಪೆಟ್ರೋಲ್ ಕಡಿಮೆ ಹೋಗುತ್ತಿದ್ದರೂ ಡಯಲ್ ಹೆಚ್ಚು ತೋರಿಸುತ್ತದೆ. ಇಂಜೆಕ್ಷನ್ ಇರುವ ರೊಟಾಕ್ಸ್ 912 ಐಎಸ್‌ನವರು ಸೆನ್ಸರ್ ಗೊಡವೆಗೇ ಹೋಗಬೇಕಿಲ್ಲ, ಇಂಜೆಕ್ಟರ್ ತೆರೆದಿರುವ ಸಮಯದಿಂದ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ತಾನೇ ಲೆಕ್ಕ ಕೊಡುತ್ತದೆ.

ಎಷ್ಟೇ ನಿಖರ ಮಾಡಿದರೂ ಟೋಟಲೈಸರ್‌ಗೆ ಟ್ಯಾಂಕ್ ಕಾಣುವುದಿಲ್ಲ. ನೀವು ಹೊರಡುವಾಗ 40 ಎಂದು ಒತ್ತಿದರೆ 40ರಿಂದ ಕಳೆಯುತ್ತದೆ, ಒಳಗೆ 34 ಇದ್ದರೂ. ಮುಚ್ಚಳ ಸರಿ ಕೂರದೆ ಚೆಲ್ಲಿದ್ದು, ಸೆನ್ಸರ್ ಹಿಂದೆ ಸೋರಿದ್ದು ಅದರ ಲೆಕ್ಕದಲ್ಲಿಲ್ಲ. ಆದ್ದರಿಂದ ಒಂದು ಮರದ ಅಳತೆಕೋಲು ಮಾಡಿಟ್ಟುಕೊಳ್ಳಿ: ಟ್ಯಾಂಕನ್ನು ಬಳಸಲಾಗದ (ತಳದಲ್ಲೇ ಉಳಿದು ಎಂಜಿನ್ ತಲುಪದ) ಪೆಟ್ರೋಲಿನ ಮಟ್ಟಕ್ಕೆ ಖಾಲಿ ಮಾಡಿ, 5 ಲೀಟರ್ ಸುರಿದಂತೆಲ್ಲ ಒಂದೊಂದು ಗೀರು ಕೊರೆಯಿರಿ. ಬಣ್ಣ ಬಳಿಯಬೇಡಿ, ಬಣ್ಣದ ಕೋಲಿನ ಮೇಲೆ ಒದ್ದೆ ಗೆರೆ ಕಾಣುವುದಿಲ್ಲ. ಹಗಲು ವಿಎಫ್‌ಆರ್‌ಗೆ (ಕಣ್ಣಿಗೆ ಕಾಣುವುದನ್ನು ನಂಬಿ ಹಾರುವುದಕ್ಕೆ) ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಹೇಳುವ 30 ನಿಮಿಷದ ಮೀಸಲು ನಿಮ್ಮ 14 ಲೀಟರಿನ ಲೆಕ್ಕದಲ್ಲಿ 7 ಲೀಟರ್. 40 ಲೀಟರಿಗೆ ಶೇ 5 ತಪ್ಪಿದರೆ ಅದರಲ್ಲಿ 2 ಲೀಟರ್, ಎಂಟೂವರೆ ನಿಮಿಷ ಹೋಯಿತು. ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಪೊನ್ನಂಪೇಟೆಯಿಂದ ಕಣ್ಣೂರು ನಿಲ್ದಾಣ ನೇರ ಗೆರೆಯಲ್ಲಿ ಸುಮಾರು 50 ಕಿ.ಮೀ., ಅದೂ ಘಟ್ಟದ ಆಚೆ. ಮೈಸೂರಿನ ಮಂಡಕಳ್ಳಿ 80ರ ಹತ್ತಿರ. ನಡುವೆ ಕಾಡು, ಸಿಲ್ವರ್ ಮರ ನಿಂತ ಕಾಫಿ ತೋಟ, ಅಲ್ಲೊಂದು ಇಲ್ಲೊಂದು ಗದ್ದೆ. ಇಲ್ಲಿ 30 ನಿಮಿಷ ಸಾಲದು, 45 ಇಟ್ಟುಕೊಳ್ಳಿ, 10.5 ಲೀಟರ್.

ಮಳೆಗಾಲದಲ್ಲಿ ಟ್ರೈಕ್ ಶೆಡ್ಡಿನಲ್ಲೇ ನಿಲ್ಲುತ್ತದಲ್ಲ, ಆಗ ಲೈನಿನಲ್ಲಿ ಹಳೆ ಪೆಟ್ರೋಲ್ ಬಿಡಬೇಡಿ. ಒಣಗಿ ಅಂಟಾಗಿ ಸೆನ್ಸರ್ ಚಕ್ರ ಹಿಡಿದುಕೊಳ್ಳುತ್ತದೆ. ಮಳೆ ಬಿಟ್ಟ ಮೇಲೆ ಮೊದಲ ಹಾರಾಟಕ್ಕೆ ಮುನ್ನ ಸೊನ್ನೆ ಪರೀಕ್ಷೆ ಮತ್ತು ಅರ್ಧ ಲೀಟರಿನ ಹರಿವಿನ ಪರೀಕ್ಷೆ ಮಾಡಿ, ಹರಿವು ನಡೆಯುವಾಗ ಪರದೆ 30ರ ಸುತ್ತ ಇಲ್ಲವೇ ಪಾತ್ರೆಯ ಲೆಕ್ಕಕ್ಕೆ ಸಮನಾಗಿ ತೋರಿಸುತ್ತಿದೆಯೇ ನೋಡಿ. ಚಕ್ರ ಕಚ್ಚಿದ್ದರೆ ಸೆನ್ಸರ್ ಬಿಚ್ಚಿ, ಹೊರಬಾಯಿಯಿಂದ ಒಳಬಾಯಿಗೆ ಸೋಸಿದ ಪೆಟ್ರೋಲ್ ಹಾಯಿಸಿ ತೊಳೆಯಿರಿ. ಕಂಪ್ರೆಸರ್ ಗಾಳಿ ಊದಬೇಡಿ. ಗಾಳಿಗೆ ಚಕ್ರ ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹೋಗುತ್ತದೆ, ಆಗ ನೀವು ಕೇಳಿದಂತೆ ಸೆನ್ಸರನ್ನೇ ಬದಲಿಸಬೇಕಾಗುತ್ತದೆ.